ಓಡಿಸಿ, ಆಮೇಲೆ ಮುಟ್ಟಿ ನೋಡಿ

ಮೊಂಡ ಸತ್ತ ಸುದ್ದಿ ಅಕ್ಕನಿಗೆ ಮುಟ್ಟಿದ್ದು ಸೋಮವಾರ ಬೆಳಿಗ್ಗೆ, ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ. ಗಾಬರಿ ಬೇಡ, ಸತ್ತವನು ಮನುಷ್ಯನಲ್ಲ. ಒಂದು ಚಿಟಿಕೆ ಬಿಳಿ ಪುಡಿ. ನೋವಿನ ಮದ್ದು ಹುಡುಕುವ ಆ ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿದ ಕೆಮಿಸ್ಟನನ್ನು ಎಲ್ಲರೂ ಭಟ್ಟಿ ಎಂದೇ ಕರೆಯುತ್ತಿದ್ದರು. ದಿನವಿಡೀ ಏನನ್ನಾದರೂ ಕುದಿಸುತ್ತ ನಿಲ್ಲುವುದೇ ಕಸುಬಾದವನಿಗೆ ಇನ್ನೇನು ಹೆಸರು ಬಂದೀತು? ಈ ಪುಡಿ ನೀರಿನಲ್ಲಿ ಕರಗುವುದಿಲ್ಲವೆಂದು ಹಟ ಹಿಡಿದು, ಮುನಿಸಿಕೊಂಡ ಮಗುವಿನ ಹಾಗೆ ಸೀಸೆಯ ತಳದಲ್ಲೇ ಕೂತಾಗ ಭಟ್ಟಿಯೇ ಅದಕ್ಕೆ ಮೊಂಡ ಅಂತ ಹೆಸರಿಟ್ಟಿದ್ದ. ಡಬ್ಬಿಯ ಮೇಲೆ ಉದ್ದದ ಸಂಖ್ಯೆಯೊಂದಿತ್ತು. ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ.

"ಯಂತ್ರದ ವರದಿ ಬಂತು," ಎಂದರು ಮೇಷ್ಟ್ರು. "ಪರಿಣಾಮ ಇಲ್ಲ. ಏನೇನೂ ಇಲ್ಲ."

ಮೇಷ್ಟ್ರೆಂದರೆ ಆ ವಿಭಾಗದ ಮುಖ್ಯಸ್ಥರು. ಒಂದು ಜೀವಕೋಶಕ್ಕೆ ಗಾಜಿನ ಸೂಜಿ ತಾಗಿಸಿ ಅದರ ಮೈಯಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ವಿದ್ಯೆಯನ್ನು ಅಲ್ಲಿದ್ದ ಎಲ್ಲರಿಗೂ ಕಲಿಸಿದವರು ಅವರೇ, ಅಕ್ಕನಿಗೂ. ಈಗ ಅವರ ಕೈಗೆ ಸೂಜಿ ಬರುವುದಿಲ್ಲ, ಮೀಟಿಂಗು ಬರುತ್ತದೆ. ಶುಕ್ರವಾರ ಮೇಲಿನ ಮಹಡಿಯಲ್ಲಿ ಮೀಟಿಂಗು. ಅವತ್ತೇ ಮೊಂಡನನ್ನು ತ್ಯಾಜ್ಯದ ಡ್ರಮ್ಮಿಗೆ ಹಾಕುವುದು, ನೋವಿನ ವಿಭಾಗಕ್ಕೆ ಬೀಗ ಜಡಿಯುವುದು, ಇದ್ದವರನ್ನೆಲ್ಲ ಮುಖಕ್ಕೆ ಹಚ್ಚುವ ಕ್ರೀಮಿನ ವಿಭಾಗಕ್ಕೆ ಕಳಿಸುವುದು ಎಂದು ತೀರ್ಮಾನವಾಗಿತ್ತು.

ಅಕ್ಕ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ನಾನು ಒಪ್ಪಲ್ಲ ಸರ್."

"ನೀನು ಒಪ್ಪೋದೇನಮ್ಮ, ಯಂತ್ರವೇ ಒಪ್ಪಿಲ್ಲ," ಎಂದರು ಮೇಷ್ಟ್ರು, ಬೇಸರದಲ್ಲಿ. "ನೋವಿನ ಮದ್ದು ಅಂದ್ರೆ ಸ್ಮಶಾನ ಇದ್ದ ಹಾಗೆ. ನಾನು ಇಲ್ಲಿ ಎಷ್ಟು ಹೆಣ ಹೊತ್ತಿದ್ದೀನಿ ಅಂತ ನಿನಗೇ ಗೊತ್ತು. ಇನ್ನೊಂದು, ಅಷ್ಟೆ."

ಅಷ್ಟೆಯಂತೆ! ಅವರಿಗೆ ಅಷ್ಟೆ. ಅಕ್ಕನ ಮನೆಯಲ್ಲಿ ಮೊಂಡನಿಗಾಗಿ ಎರಡು ಜೊತೆ ಕಾಲುಗಳು ಕಾಯುತ್ತಿದ್ದವು. ಒಂದು ಜೊತೆ ದೊಡ್ಡದು, ಅದರ ಕಥೆ ಹಳೆಯದು. ಇನ್ನೊಂದು ಪುಟ್ಟದು, ಅದರ ಕಥೆ ಈಗಷ್ಟೇ ಶುರುವಾಗಿತ್ತು. ಅದು ಅಕ್ಕನಿಗೆ ಗೊತ್ತಾಗಿದ್ದು ಮಾತ್ರ ಅವತ್ತು ಸಂಜೆ.

ದೊಡ್ಡ ಕಾಲು ತಂಗಿಯದು. ಅಕ್ಕ-ತಂಗಿ ಒಂದೇ ಮನೆಯಲ್ಲಿದ್ದರು, ತಂಗಿಯ ಮಗಳು ಪುಟ್ಟಿಯೂ ಸೇರಿ ಮೂವರು. ತಂಗಿಗೆ ಚಿಕ್ಕಂದಿನಿಂದ ಅಂಗಾಲುರಿ. ಸ್ವಲ್ಪ ನಡೆದರೆ, ಸ್ವಲ್ಪ ಸೆಕೆಯಾದರೆ, ಕಾಲುಚೀಲ ಹಾಕಿದರೆ ಪಾದಗಳೆರಡೂ ಕೆಂಪಗೆ ಊದಿ, ಕೆಂಡ ತುಳಿದಂತೆ ಉರಿಯುತ್ತಿದ್ದವು. ಹಾಗಾಗಿ ಅವಳು ಊರಿಗೆಲ್ಲ ಬೇಡವಾದ ಕೆಲಸವನ್ನೇ ಹುಡುಕಿಕೊಂಡಿದ್ದಳು: ಸೇಬು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಎಣಿಸುವುದು. ಜೊತೆಯವರು ದಪ್ಪ ಬೂಟು, ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಗಡಗಡ ನಡುಗುತ್ತಿದ್ದರೆ ಇವಳು ತೆಳ್ಳಗಿನ ರಬ್ಬರ್ ಚಪ್ಪಲಿಯಲ್ಲಿ ಮಹಾರಾಣಿಯ ಹಾಗೆ ಓಡಾಡುತ್ತಿದ್ದಳು. ಅವಳಿಗೆ ಅವರಿಟ್ಟ ಹೆಸರು ಹಿಮಕರಡಿ. "ಕರಡಿಗೂ ಸಂಬಳ ಕೊಡ್ತಾರಲ್ಲ, ಅದು ದೊಡ್ಡದು," ಎನ್ನುತ್ತಿದ್ದಳು ತಂಗಿ. ಮನೆಗೆ ಬಂದ ಕೂಡಲೇ ಕಾಲು ಟಬ್ಬಿನ ನೀರಿನಲ್ಲಿ.

ಇದು ಅಪ್ಪನ ಕಡೆಯಿಂದ ಬಂದದ್ದು. ಅಪ್ಪ ಹಿತ್ತಲಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಅರ್ಧ ದಿನ ಕೂರುತ್ತಿದ್ದ. ಕಂಡವರೆಲ್ಲ ಸೋಮಾರಿ ಎಂದರು, ಕೊನೆಗೆ ಅಮ್ಮನೂ ಎಂದಳು, ಆ ಹೆಸರು ಹೊತ್ತುಕೊಂಡೇ ಅವನು ಸತ್ತ. ಅಪ್ಪನ ಮೂಗು ಅಕ್ಕನಿಗೆ ಬಂತು, ಅಪ್ಪನ ಕಾಲು ತಂಗಿಗೆ. ಅಕ್ಕ ನರಗಳ ವಿಷಯ ಓದಲು ಹೋದದ್ದೇ ಆ ತೊಟ್ಟಿಯ ನೆನಪಿನಿಂದ.

ಚರ್ಮದಡಿಯ ನೋವಿನ ನರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಬಿಸಿ ತಾಗಿದರೆ, ಮುಳ್ಳು ಚುಚ್ಚಿದರೆ ಬಾಗಿಲು ತೆರೆದು ಹೊರಗಿನ ಉಪ್ಪಿನಂಶ ಒಳಗೆ ನುಗ್ಗುತ್ತದೆ. ಆ ನುಗ್ಗಾಟವೇ ವಿದ್ಯುತ್ತಾಗಿ ಹರಿದು ಮಿದುಳಿಗೆ ಹೋಗಿ "ಅಯ್ಯೋ" ಅನ್ನುತ್ತದೆ. ಒಮ್ಮೆ ತೆರೆದ ಬಾಗಿಲು ದಣಿದು ಒಂದು ಗಳಿಗೆ ಕಚ್ಚಿಕೊಂಡು ನಿಂತು, ಸುಧಾರಿಸಿಕೊಂಡು ಮತ್ತೆ ಸಿದ್ಧವಾಗುತ್ತದೆ. ಎಲ್ಲರ ಬಾಗಿಲಿಗೂ ಗಟ್ಟಿ ಅಗುಳಿ ಇದ್ದರೆ ತಂಗಿಯದು ಹುಟ್ಟಾ ಸಡಿಲ. ಬೂಟಿನೊಳಗಿನ ಕಾವು ಸಾಕು, ದಡಬಡ ತೆರೆಯುತ್ತದೆ, ಮತ್ತೆ ಮತ್ತೆ ತೆರೆಯುತ್ತದೆ. ಆಸ್ಪತ್ರೆಯವರು ತಂಗಿಯ ರಕ್ತದಲ್ಲಿ ಆ ದೋಷವನ್ನು ಗುರುತಿಸಿದ್ದರು. ಅದೇ ದೋಷವಿರುವ ಬಾಗಿಲುಗಳನ್ನು ಹೊತ್ತ ಕೋಶಗಳು, ತಂಗಿಯ ಒಪ್ಪಿಗೆಯ ಮೇಲೆ, ಈಗ ಪ್ರಯೋಗಶಾಲೆಯ ತಟ್ಟೆಗಳಲ್ಲಿ ಬೆಳೆಯುತ್ತಿದ್ದವು. "ತಗೊಂಡು ಹೋಗು," ಎಂದಿದ್ದಳು ಅವಳು ರಕ್ತ ಕೊಡುವಾಗ. "ಅಲ್ಲಾದ್ರೂ ತಣ್ಣಗಿರ್ಲಿ."

ಆ ಸೋಮವಾರ ಸಂಜೆ ಅಕ್ಕ ಮನೆಗೆ ಬಂದಾಗ ಪುಟ್ಟಿ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು.

"ಏನಾಯ್ತೇ?"

"ಕೇಳು ನಿನ್ನ ಮುದ್ದಿನ ರಾಣೀನ," ಎಂದಳು ತಂಗಿ, ಟಬ್ಬಿನಿಂದ ಕಾಲೆತ್ತದೆ. "ಕ್ಲಾಸಲ್ಲಿ ಬೂಟು ಬಿಚ್ಚಿ ಕಾಲನ್ನ ನೆಲಕ್ಕೆ ಒತ್ಕೊಂಡು ಕೂರ್ತಾಳಂತೆ. ದಿನಾ! ಟೀಚರ್ ಎಲ್ಲರ ಎದುರಿಗೆ ನನ್ನ ಮರ್ಯಾದೆ ತೆಗೆದ್ರು. ನಾಳೆಯಿಂದ ಲೇಸಿಗೆ ಎರಡೆರಡು ಗಂಟು ಹಾಕಿ ಕಳಿಸ್ತೀನಿ, ಹೇಗೆ ಬಿಚ್ತಾಳೋ ನೋಡೋಣ."

ಅಕ್ಕ ಪುಟ್ಟಿಯ ಪಕ್ಕ ಕೂತು ಪಾದ ಮುಟ್ಟಿದಳು. ತಣ್ಣಗಿತ್ತು. "ಯಾಕೆ ಬಿಚ್ತೀಯ ಕಂದಾ?"

"ಒಳಗೆ ಇರುವೆ ಕಚ್ಚುತ್ತೆ ದೊಡ್ಡಮ್ಮಾ. ಬಿಸಿ ಇರುವೆ. ಬಿಚ್ಚಿ ನೋಡಿದ್ರೆ ಇರಲ್ಲ."

ಬಿಸಿ ಇರುವೆ. ಏಳು ವರ್ಷದ ತಂಗಿ ಅಪ್ಪನಿಗೆ ಹೇಳಿದ್ದೂ ಅದೇ ಮಾತು. ಅಕ್ಕ ತಲೆಯೆತ್ತಿ ತಂಗಿಯ ಮುಖ ನೋಡಿದಳು. ತಂಗಿ ಗೋಡೆ ನೋಡುತ್ತಿದ್ದಳು.

"ಇವಳಿಗೂ ಬಂದಿದೆ ಕಣೇ."

"ಬಾಯಿ ಮುಚ್ಚು."

"ನಿನಗೂ ಗೊತ್ತು. ಅದಕ್ಕೇ ಹೊಡೆದಿದ್ದೀಯ."

"ಹೌದು, ಗೊತ್ತು! ಗೊತ್ತಿದ್ರೆ ಏನು ಮಾಡ್ಲಿ?" ತಂಗಿ ಟಬ್ಬಿನ ನೀರನ್ನು ಕಾಲಿಂದ ಒದ್ದಳು. "ನಿನ್ನ ಮೊಂಡ ಏನಾದ ಹೇಳು."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ ಅಕ್ಕನದು. "ಯಂತ್ರ ಬೇಡ ಅಂದಿದೆ. ಶುಕ್ರವಾರ ಎಸೀತಾರೆ."

"ನೋಡು ಮತ್ತೆ. ಮದ್ದಿಲ್ಲದ ರೋಗಕ್ಕೆ ಹೆಸರಿಡೋಕೆ ಬರಬೇಡ ನನ್ನ ಮನೇಲಿ. ಅವಳು ಬೂಟು ಬಿಚ್ಚೋ ತುಂಟಿ, ಅಷ್ಟೇ. ತುಂಟಿಗೆ ಹೊಡೆದ್ರೆ ಸರಿಹೋಗ್ತಾಳೆ." ಇಷ್ಟು ಹೇಳಿ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸ್ಕೂಲಿನ ನರ್ಸೂ ಕಾಲು ಮುಟ್ಟಿ ಏನಿಲ್ಲ ಅಂದಳಂತೆ. ನನಗೂ ಹಾಗೇ ಆಗಿತ್ತಲ್ಲ, ನೆನಪಿದ್ಯಾ? ಆ ದೊಡ್ಡ ಡಾಕ್ಟ್ರು."

ನೆನಪಿಲ್ಲದೆ ಏನು! ಆ ಮನೆಯಲ್ಲಿ ಅತ್ತು ಅತ್ತು ಕೊನೆಗೆ ನಗೆಯಾಗಿ ಉಳಿದ ಕಥೆ ಅದು. ದೊಡ್ಡ ಡಾಕ್ಟರು ತಮ್ಮ ತಂಪಾದ ಕೋಣೆಯ ಹೊರಗೆ ಅಷ್ಟೇ ತಂಪಾದ ಹಜಾರದಲ್ಲಿ ತಂಗಿಯನ್ನು ಅರ್ಧ ದಿನ ಕೂರಿಸಿ, ಆಮೇಲೆ ಒಳಗೆ ಕರೆದು, ಹೂವಿನಂತೆ ತಣ್ಣಗಿದ್ದ ಪಾದವನ್ನು ಎರಡು ಬೆರಳಲ್ಲಿ ಮುಟ್ಟಿ, "ನಿಮಗೇನೂ ಇಲ್ಲಮ್ಮ, ಎಲ್ಲ ಮನಸ್ಸಿನದು" ಎಂದಿದ್ದರು. ಆಗ ತಂಗಿ ಎದ್ದು ನಿಂತು, "ಡಾಕ್ಟ್ರೇ, ನನ್ನನ್ನ ನಿಮ್ಮ ಮೆಟ್ಟಿಲ ಮೇಲೆ ನಾಲ್ಕು ಸಲ ಓಡಿಸಿ, ಆಮೇಲೆ ಮುಟ್ಟಿ ನೋಡಿ. ಕೈ ಸುಟ್ಟರೆ ಮುಲಾಮು ನಾನೇ ತಂದುಕೊಡ್ತೀನಿ," ಎಂದಿದ್ದಳು.

ಆ ಮಾತು ಅವತ್ತು ಅಕ್ಕನ ತಲೆಯಲ್ಲಿ ಕೂತಿತು. ಊಟಕ್ಕೆ ಕೂತಾಗಲೂ ಇತ್ತು, ಪಾತ್ರೆ ತೊಳೆಯುವಾಗಲೂ ಇತ್ತು. ಮರುದಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದಾಗ ಅವಳಿಗೆ ಮೈಯೆಲ್ಲ ಜುಮ್ಮೆಂದಿತು. ಯಂತ್ರ ಮೊಂಡನನ್ನು ಪರೀಕ್ಷಿಸಿದ್ದು ಎಂಥ ಕೋಶದ ಮೇಲೆ? ಓಡಿದ ಕೋಶದ ಮೇಲೋ, ತಂಪಾಗಿ ಕೂತ ಕೋಶದ ಮೇಲೋ?

ಪ್ರಯೋಗಶಾಲೆಗೆ ಹೋದವಳೇ ಬ್ಯಾಗನ್ನೂ ಇಳಿಸದೆ ಯಂತ್ರದ ಮುಂದೆ ಕೂತಳು. ಅದು ಹೊಸದು, ಕಪಾಟಿನಷ್ಟು ದೊಡ್ಡದು, ನೂರಾರು ಕೋಶಗಳನ್ನು ಒಟ್ಟೊಟ್ಟಿಗೆ ಅಳೆಯುವಂಥದ್ದು. ಅದು ಬಂದ ದಿನದಿಂದ, ಒಂದೊಂದೇ ಕೋಶವನ್ನು ಕೈಯಿಂದ ಅಳೆಯುವ ಹಳೆಯ ರಿಗ್‌ಗಳೆಲ್ಲ ಮೂಲೆ ಸೇರಿದ್ದವು. ಮಾರಿದ ಕಂಪನಿಯವರು ಹೇಗೆ ಹೊಂದಿಸಿಕೊಟ್ಟಿದ್ದರೋ ಹಾಗೇ ಇವರು ನಡೆಸಿಕೊಂಡು ಬಂದಿದ್ದರು. ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎಂದರಂತಲ್ಲ, ಆ ಜಾಣರ ಪೈಕಿಯೇ ಇವರೂ. ಅಕ್ಕನೂ ಸೇರಿದಂತೆ.

ಒಳಗೆ ಹೊಕ್ಕು ನೋಡಿದರೆ ಅನುಮಾನ ನಿಜವಾಗಿತ್ತು. ಒಂದೊಂದು ಸಲ ಕೋಶವನ್ನು ವಿದ್ಯುತ್ತಿನಿಂದ ತಟ್ಟುವ ಮೊದಲೂ ಯಂತ್ರ ಅದನ್ನು ಗಾಢ ವಿಶ್ರಾಂತಿಗೆ ಇಳಿಸುತ್ತಿತ್ತು. ಬಾಗಿಲುಗಳೆಲ್ಲ ಚೆನ್ನಾಗಿ ಮಲಗಿ ಎದ್ದು ತಾಜಾ ಆದ ಮೇಲೆ ಒಂದೇ ಒಂದು ಸಲ ತಟ್ಟಿ, ಮತ್ತೆ ಮಲಗಿಸುತ್ತಿತ್ತು. ಹಾಗೆ ಮಾಡಿದರೆ ಪರದೆಯ ಮೇಲೆ ಗೆರೆ ಚೊಕ್ಕವಾಗಿ ಬರುತ್ತದೆ, ದೊಡ್ಡದಾಗಿ ಬರುತ್ತದೆ, ಮೀಟಿಂಗಿನಲ್ಲಿ ತೋರಿಸಲು ಚಂದ. ಆದರೆ ಭಟ್ಟಿ ಮೊಂಡನನ್ನು ಕಟ್ಟಿದ್ದು ಸುಮ್ಮನಿರುವ ಬಾಗಿಲ ತಂಟೆಗೆ ಹೋಗದಿರಲಿ ಎಂದೇ. ಹೃದಯದಲ್ಲೂ ಮಿದುಳಲ್ಲೂ ಇದೇ ಬಾಗಿಲುಗಳ ದಾಯಾದಿಗಳಿವೆ. ಅವನ್ನೆಲ್ಲ ಮುಚ್ಚುತ್ತ ಹೋದರೆ ನೋವೂ ಹೋಗುತ್ತದೆ, ರೋಗಿಯೂ ಹೋಗುತ್ತಾನೆ. ಮೊಂಡ ಹಿಡಿಯಬೇಕಾದದ್ದು ತೆರೆದು ತೆರೆದು ದಣಿದ ಬಾಗಿಲನ್ನು, ನೋವಿನ ಬಾಗಿಲನ್ನು. ಯಂತ್ರದೊಳಗೆ ಅಂಥದೊಂದೂ ಇರಲಿಲ್ಲ. ನೋವೇ ಇಲ್ಲದವನಿಗೆ ನೋವಿನ ಮಾತ್ರೆ ನುಂಗಿಸಿ, ಕಮ್ಮಿಯಾಯ್ತಾ ಅಂತ ಕೇಳಿದರೆ ಅವನಾದರೂ ಏನು ಹೇಳಿಯಾನು?

ಅವಳು ನೆಟ್ಟಗೆ ಮೇಷ್ಟ್ರ ಕೋಣೆಗೆ ಹೋಗಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

"ನೆಲ ನಿಜವಾಗ್ಲೂ ಡೊಂಕಾಗಿದ್ರೆ ಏನು ಮಾಡ್ಬೇಕು ಸರ್? ಒಂದ್ಸಲ ಬಗ್ಗಿ ನೋಡಿ."

"ನೋಡಮ್ಮ, ನಿನ್ನ ಮನೆ ವಿಷಯ ನನಗೆ ಗೊತ್ತು. ತಂಗಿ ಮೇಲಿನ ಪ್ರೀತಿ ಬೇರೆ, ವಿಜ್ಞಾನ ಬೇರೆ. ನೀನು ತುಂಬಾ ಹತ್ತಿರ ನಿಂತಿದ್ದೀಯ."

"ದೂರ ನಿಂತವರು ನೋಡಿದ್ದಾಯ್ತಲ್ಲ," ಎಂದಳು ಅಕ್ಕ. "ನನಗೆ ಹಳೆ ರಿಗ್ ಕೊಡಿ. ಶುಕ್ರವಾರದೊಳಗೆ ತೋರಿಸ್ತೀನಿ."

"ಬೇಡ. ಸತ್ತದ್ದನ್ನ ಬಡಿದೆಬ್ಬಿಸೋದು ಬೇಡ. ಇದು ನನ್ನ ಮಾತು." ಮೇಷ್ಟ್ರು ಕಡ್ಡಿ ಮುರಿದ ಹಾಗೆ ಹೇಳಿದರು.

ಬೇರೆ ಯಾರಾದರೂ ಆಗಿದ್ದರೆ ಮೂತಿ ಉದ್ದ ಮಾಡಿಕೊಂಡು ಕ್ರೀಮಿನ ವಿಭಾಗದಲ್ಲಿ ಒಳ್ಳೆಯ ಕುರ್ಚಿ ಹುಡುಕುತ್ತಿದ್ದರು. ಅಕ್ಕ ಆ ಪೈಕಿಯಲ್ಲ. ಹಾಗಂತ ಕದ್ದು ಮಾಡುವವಳೂ ಅಲ್ಲ. ಬುಧವಾರ ಹಾಡಹಗಲಲ್ಲಿ, ಓಡಾಡುವವರೆಲ್ಲ ನೋಡುವಂತೆ ಬಾಗಿಲು ತೆರೆದಿಟ್ಟು, ಹಳೆಯ ರಿಗ್‌ನ ಧೂಳು ಹೊಡೆದಳು. ತಂತಿಬಲೆಯ ಪಂಜರದೊಳಗೆ ಒಂದು ಮೈಕ್ರೋಸ್ಕೋಪು, ಅದರ ಪಕ್ಕ ಸೂಜಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುವ ತಿರುಪುಗಳು, ಒಂದು ಮುರುಕು ಸ್ಟೂಲು. ಭಟ್ಟಿ ಬಾಗಿಲಲ್ಲಿ ಬಂದು ನಿಂತ.

"ಅಕ್ಕಾ, ಮೇಷ್ಟ್ರು ಬೇಡ ಅಂದ್ರಂತೆ?"

"ಅಂದ್ರು. ಮೊಂಡ ಎಲ್ಲಿ?"

"ಡ್ರಮ್ ಪಕ್ಕ ಇಟ್ಟಿದ್ದೆ," ಭಟ್ಟಿ ಕೋಟಿನ ಜೇಬಿಗೆ ಕೈ ಹಾಕಿ ಸೀಸೆ ತೆಗೆದ. "ನಡ್ಕೊಂಡು ಬಂದ. ಹೇಳಿದ ಮಾತು ಕೇಳೋ ಪೈಕಿ ಅಲ್ಲವಲ್ಲ."

ಅಕ್ಕ ಗಾಜಿನ ಕೊಳವೆಯನ್ನು ಕಾಯಿಸಿ, ಎಳೆದು, ತುದಿ ಕಣ್ಣಿಗೆ ಕಾಣದಷ್ಟು ಸಣ್ಣ ಮಾಡಿದಳು. ಅದರ ಹಿಂಬದಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಳು. ಸೂಜಿಯ ತುದಿ ಕೋಶಕ್ಕೆ ತಾಗಿದಾಗ ಮೆಲ್ಲಗೆ, ಮುತ್ತು ಕೊಟ್ಟಷ್ಟೇ ಮೆಲ್ಲಗೆ ಹೀರಬೇಕು. ಆಗ ಕೋಶ ಗಾಜಿಗೆ ಕಚ್ಚಿಕೊಳ್ಳುತ್ತದೆ. ಹೆಚ್ಚು ಹೀರಿದರೆ ಒಡೆಯುತ್ತದೆ, ಕಮ್ಮಿಯಾದರೆ ಜಾರುತ್ತದೆ. ಯಂತ್ರಗಳು ಬರುವ ಮೊದಲು ಎಲ್ಲರೂ ಹೀಗೆ ಬಾಯಿಂದಲೇ ಕೆಲಸ ಮಾಡಿದವರು.

ಕೋಶ ಕಚ್ಚಿಕೊಂಡಿತು. ಅವಳು ಅದನ್ನು ಮಲಗಲು ಬಿಡಲಿಲ್ಲ. ಉರಿಯುವ ಕಾಲಿನ ನರ ಹೇಗಿರುತ್ತದೋ ಹಾಗೆ ಅರೆದಣಿವಿನಲ್ಲಿ ಹಿಡಿದಿಟ್ಟು, ಒಂದರ ಹಿಂದೊಂದು ತಟ್ಟುತ್ತ ಹೋದಳು. ಪರದೆಯ ಮೇಲೆ ಪ್ರತಿ ತಟ್ಟಿಗೂ ಒಂದು ಗೆರೆ ಧುಮುಕಿ ಮೇಲೇಳುತ್ತಿತ್ತು. ಆಮೇಲೆ ಮೊಂಡನನ್ನು ಬಿಟ್ಟಳು.

ಗೆರೆ ಗಿಡ್ಡವಾಯಿತು. ಮುಂದಿನ ತಟ್ಟಿಗೆ ಇನ್ನೂ ಗಿಡ್ಡ. ಸ್ವಲ್ಪ ಹೊತ್ತಿಗೆ ಧುಮುಕುವುದೇ ಬೇಡವೆನಿಸಿದಂತೆ ಮಲಗಿಬಿಟ್ಟಿತು. ಭಟ್ಟಿ "ಅಯ್ಯಯ್ಯಪ್ಪಾ" ಎಂದವನು ಅಲ್ಲೇ ನೆಲದ ಮೇಲೆ ಕೂತ. ಅಕ್ಕನಿಗೆ ಕಣ್ಣು ತುಂಬಿ ಪರದೆ ಮಂಜಾಯಿತು. ಬಾಯಲ್ಲಿ ನಳಿಗೆ ಇದ್ದುದರಿಂದ ಅಳಲೂ ಆಗಲಿಲ್ಲ.

ಗುರುವಾರ ಮೇಷ್ಟ್ರೇ ಬಂದರು, ಉರಿಮುಖ ಮಾಡಿಕೊಂಡು. "ಬೇಡ ಅಂದಿದ್ದೆ."

"ಹೌದು ಸರ್. ಮಾಡಿದೆ. ನೋಡಿ." ಅಕ್ಕ ಗೆರೆಗಳನ್ನು ತೋರಿಸಿದಳು.

ಮೇಷ್ಟ್ರು ಬಗ್ಗಿ ನೋಡಿದರು. ಮುಖದ ಬಿಗಿ ಒಂದು ಕ್ಷಣ ಸಡಿಲಾಯಿತು, ಮತ್ತೆ ಬಿಗಿಯಿತು. "ನಾಲ್ಕಾರು ಕೋಶ. ಎಲ್ಲ ನಿನ್ನ ಕೈಯವು. ಮೇಲಿನವರು ಏನಂತಾರೆ ಗೊತ್ತಾ? ಇವಳಿಗೆ ಬೇಕಾಗಿತ್ತು, ಇವಳಿಗೆ ಕಾಣಿಸ್ತು ಅಂತಾರೆ."

ಅಕ್ಕ ಸ್ಟೂಲಿನಿಂದ ಎದ್ದು ಪಕ್ಕಕ್ಕೆ ನಿಂತಳು. "ಹಾಗಿದ್ರೆ ನೀವು ಕೂತ್ಕೊಳ್ಳಿ."

"ನಾನಾ?"

"ನಿಮಗೆ ಕಾಲುರಿ ಇಲ್ಲ, ತಂಗೀನೂ ಇಲ್ಲ. ಮೊಂಡ ಬದುಕಿದ್ರೂ ಸತ್ರೂ ನಿಮಗೆ ಅಷ್ಟೇ. ಭಟ್ಟಿ ಎರಡು ಸೀಸೆ ಕೊಡ್ತಾನೆ, ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ನೀಲಿ. ಯಾವುದರಲ್ಲಿ ಏನಿದೆ ಅಂತ ಅವನೊಬ್ಬನಿಗೇ ಗೊತ್ತು. ನೀವೇ ಹಿಡಿದು, ನೀವೇ ಹಾಕಿ, ನೀವೇ ನೋಡಿ. ಇಲ್ಲ ಅಂತ ಕಂಡರೆ ಆ ಡ್ರಮ್ಮಿಗೆ ನಾನೇ ನನ್ನ ಕೈಯಾರೆ ಹಾಕ್ತೀನಿ."

ಹೊರಗೆ ನಾಲ್ಕು ಜನ ಸೇರಿದ್ದರು. ಮೇಷ್ಟ್ರು ಅವರನ್ನು ನೋಡಿದರು, ಸ್ಟೂಲನ್ನು ನೋಡಿದರು. "ಕೈ ಬಿಟ್ಟು ಎಷ್ಟು ಕಾಲವಾಯ್ತಮ್ಮ," ಎಂದರು ಸಣ್ಣ ದನಿಯಲ್ಲಿ. ಆದರೂ ಕೂತರು. ಮಾನ ಅನ್ನುವುದು ದೊಡ್ಡದು ನೋಡಿ.

ಮೊದಲ ಸೂಜಿ ತಟ್ಟೆಯ ತಳಕ್ಕೆ ಬಡಿದು ಮುರಿಯಿತು. ಎರಡನೆಯದರಲ್ಲಿ ಕೋಶ ಒಡೆಯಿತು. ಯಾರೋ ಹೊರಗೆ ಕಿಸಕ್ಕೆಂದರು. ಅಕ್ಕ ತಿರುಗಿ ಒಂದು ನೋಟ ಬಿಟ್ಟಳು, ನಗು ಅಲ್ಲೇ ಸತ್ತಿತು. ಆಮೇಲೆ ಬಗ್ಗಿ ಮೇಷ್ಟ್ರ ಕಿವಿಯ ಹತ್ತಿರ ಹೇಳಿದಳು: "ಉಸಿರು ಬಿಡಿ ಸರ್. ಕೋಶ ನಿಮ್ಮ ಹತ್ತಿರ ಬರ್ಲಿ, ನೀವು ಅಟ್ಟಿಸ್ಕೊಂಡು ಹೋಗ್ಬೇಡಿ. ನೀವೇ ಕಲಿಸಿದ್ದು."

ಮೇಷ್ಟ್ರು ನಳಿಗೆ ಕಚ್ಚಿಕೊಂಡೇ ಮೂಗಿನಲ್ಲಿ ನಕ್ಕರು. ಮತ್ತೂ ಕೆಲವು ಸೂಜಿಗಳು ಹೋದವು. ಕೊನೆಗೊಂದು ಕಚ್ಚಿಕೊಂಡಿತು. ಈಜು ಕಲಿತವನು ಮರೆಯುವುದುಂಟೇ!

ತಟ್ಟುತ್ತ, ತಟ್ಟುತ್ತ, ನೀಲಿ ಬಿಟ್ಟರು. ಗೆರೆ ಮೊದಲಿನಷ್ಟೇ ಧುಮುಕುತ್ತಿತ್ತು. ತೊಳೆದರು. ಕೆಂಪು ಬಿಟ್ಟರು. ಗೆರೆ ಕುಗ್ಗಿತು, ಕುಗ್ಗಿತು, ಮಲಗಿತು. ಮೇಷ್ಟ್ರು ಮತ್ತೆ ತೊಳೆದರು. ಗೆರೆ ಮೆಲ್ಲಗೆ ಎದ್ದು ಬಂತು. ಮತ್ತೆ ಕೆಂಪು. ಮತ್ತೆ ಮಲಗಿತು. ಇನ್ನೊಮ್ಮೆ ತೊಳೆದು, ಆಮೇಲೆ ಅವರು ಯಾರೂ ಹೇಳದೆ ಒಂದು ಕೆಲಸ ಮಾಡಿದರು. ಯಂತ್ರ ಮಾಡುತ್ತಿದ್ದಂತೆಯೇ ಕೋಶವನ್ನು ಗಾಢ ವಿಶ್ರಾಂತಿಗೆ ಇಳಿಸಿ, ಕೆಂಪು ಬಿಟ್ಟು, ಒಂದೇ ಸಲ ತಟ್ಟಿದರು. ಗೆರೆ ಜಪ್ಪಯ್ಯ ಅಂದರೂ ಕುಗ್ಗಲಿಲ್ಲ. ವರದಿಯಲ್ಲಿದ್ದ ಅದೇ ಚೊಕ್ಕ ಗೆರೆ.

"ಕೆಂಪು ಮೊಂಡ ಸರ್," ಎಂದ ಭಟ್ಟಿ ಬಾಗಿಲಿಂದ. "ನೀಲಿ ಬರೀ ಅವನನ್ನ ಕರಗಿಸೋ ದ್ರಾವಣ."

ಮೇಷ್ಟ್ರು ನಳಿಗೆಯನ್ನು ಬಾಯಿಂದ ತೆಗೆದರು. ಗೆದ್ದೆ ಎಂದು ಅಕ್ಕ ಹಿಗ್ಗುವ ಹೊತ್ತಿಗೆ ಅವರು ಕೇಳಿದ ಪ್ರಶ್ನೆ ಅವಳ ಎದೆಗೆ ಗುದ್ದಿತು.

"ಇದಕ್ಕೆ ಮುಂಚೆ ಎಸೆದೆವಲ್ಲಮ್ಮ, ಅವೆಲ್ಲ?"

"ಅವೂ ಇದೇ ಯಂತ್ರ ಸರ್."

"ಎಲ್ಲದಕ್ಕೂ ಸಹಿ ಹಾಕಿದವನು ನಾನು."

"ನಾನೂ ಪಕ್ಕದಲ್ಲೇ ಕೂತು ತಲೆ ಆಡಿಸಿದ್ದೆ ಸರ್," ಎಂದಳು ಅಕ್ಕ. ಯಾರ ತಪ್ಪು ಎಷ್ಟು ಎಂದು ತೂಗುವ ಹೊತ್ತು ಅದಾಗಿರಲಿಲ್ಲ. "ಅವನ್ನೂ ಹುಡುಕೋಣ. ಮೊದಲು ಇವನನ್ನ ಉಳಿಸಿ."

ಶುಕ್ರವಾರ ಮೇಲಿನ ಮಹಡಿಯ ಮೀಟಿಂಗಿನಲ್ಲಿ ನಿರ್ದೇಶಕಿ ಎಲ್ಲವನ್ನೂ ಕೇಳಿ, ಪೆನ್ನು ತಿರುಗಿಸುತ್ತ ಅಕ್ಕನ ಕಡೆ ನೋಡಿದರು. "ಇದರಲ್ಲಿ ನಿಮ್ಮ ಮನೆಯವರ ವಿಷಯ ಇದೆಯಂತೆ. ಭಾವನೆ ಬೆರೆತಿಲ್ಲ ತಾನೇ?"

"ಬೆರೆತಿದೆ ಮೇಡಂ," ಎಂದಳು ಅಕ್ಕ. "ಚೆನ್ನಾಗೇ ಬೆರೆತಿದೆ. ಬೆರೆಯದೇ ಇದ್ದವರೆಲ್ಲ ಆ ಚೊಕ್ಕ ಗೆರೆ ನೋಡಿ ಖುಷಿಯಾಗಿದ್ರು, ನಾನೂ ಖುಷಿಯಾಗಿದ್ದೆ. ನನ್ನ ಕಣ್ಣು ನಂಬಬೇಡಿ, ಬೇಡವೇ ಬೇಡ. ಅದಕ್ಕೇ ಸರ್ ಕೈಲಿ ಮಾಡಿಸಿದ್ದು."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಎದ್ದು ನಿಂತರು. "ನನಗೂ ಕಾಣಿಸ್ತು," ಎಂದರು. "ಯಂತ್ರ ಸುಳ್ಳು ಹೇಳಿಲ್ಲ. ನಾವು ಕೇಳಿದ ಪ್ರಶ್ನೆ ತಪ್ಪು. ಇವನನ್ನ ಎಸೆಯೋದಾದ್ರೆ ಆ ಕಾಗದಕ್ಕೆ ಬೇರೆ ಯಾರಾದ್ರೂ ಸಹಿ ಹಾಕಿ. ನಾನು ಹಾಕಲ್ಲ."

ಅಷ್ಟಾದ ಮೇಲೆ ಸಿಕ್ಕಿದ್ದು ಕೂಡ ಹಬ್ಬದೂಟವೇನಲ್ಲ. ಒಂದು ವರ್ಷ. ಯಂತ್ರಕ್ಕೆ ಹೊಸ ಪಾಠ ಕಲಿಸಿ, ಹಳೆಯ ಪುಡಿಗಳನ್ನೆಲ್ಲ ಮತ್ತೆ ಅಳೆಯುವುದು. ಮೊದಲ ಸರದಿ ಮೊಂಡನದು. ಅದರಲ್ಲಿ ಗೆದ್ದರೆ ಪ್ರಾಣಿಗಳ ಪರೀಕ್ಷೆ, ಆಮೇಲೆ ಮನುಷ್ಯರ ಪರೀಕ್ಷೆ. ಯಾವ ತಿರುವಿನಲ್ಲಿ ಬೇಕಾದರೂ ಅವನು ನಿಜವಾಗಿಯೇ ಸಾಯಬಹುದು. ಆದರೆ ಡ್ರಮ್ಮು ಅವತ್ತು ಮೊಂಡನಿಲ್ಲದೆ ಹೋಯಿತು. ಭಟ್ಟಿ ಅದನ್ನು ಗೇಟಿನ ತನಕ ಬೀಳ್ಕೊಟ್ಟು ಕೈ ಬೀಸಿ ಬಂದ.

ಸಂಜೆ ಅಕ್ಕ ಹೇಳಿದ್ದನ್ನೆಲ್ಲ ತಂಗಿ ಟಬ್ಬಿನಲ್ಲಿ ಕಾಲಿಟ್ಟುಕೊಂಡೇ ಕೇಳಿದಳು.

"ಎಷ್ಟು ವರ್ಷ ಬೇಕು?"

"ಹತ್ತಾಗಬಹುದು. ಆಗದೇನೂ ಹೋಗಬಹುದು. ನಿನಗೆ ಸುಳ್ಳು ಹೇಳಲ್ಲ."

"ಹತ್ತು ವರ್ಷಕ್ಕೆ ಇವಳಿಗೆ ಹದಿನೇಳು," ಎಂದಳು ತಂಗಿ. ಪುಟ್ಟಿ ಅಲ್ಲೇ ಚಿತ್ರ ಬರೆಯುತ್ತಿದ್ದಳು. ಗಂಟಿನ ಬಿಗಿಗೆ ಪಾದದ ಮೇಲೆ ಲೇಸಿನ ಬರೆ ಮೂಡಿತ್ತು. ವಾರವಿಡೀ ಎರಡೆರಡು ಗಂಟು ಹಾಕಿ ಕಳಿಸಿದ್ದಳಲ್ಲ ತಾಯಿ. ತಂಗಿ ಆ ಬರೆಯನ್ನು ನೋಡಿದಳು, ಎಷ್ಟೋ ಹೊತ್ತು ನೋಡಿದಳು. ಆಮೇಲೆ ಸ್ವಲ್ಪ ಸರಿದು ಟಬ್ಬಿನಲ್ಲಿ ಜಾಗ ಮಾಡಿದಳು.

"ಬಾ ಇಲ್ಲಿ. ಕಾಲಿಡು."

ಪುಟ್ಟಿ ಅಮ್ಮನ ಮುಖವನ್ನೂ ದೊಡ್ಡಮ್ಮನ ಮುಖವನ್ನೂ ನೋಡಿ, ಹೆದರುತ್ತ ಹೆದರುತ್ತ ಕಾಲಿಟ್ಟಳು. "ಹಾ..." ಎಂದು ಕಣ್ಣು ಮುಚ್ಚಿದಳು. ತಂಗಿಗೆ ತಡೆಯಲಾಗಲಿಲ್ಲ, ಮಗಳ ನೆತ್ತಿಗೆ ಮುಖ ಒತ್ತಿ ಜೋರಾಗಿ ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು, "ಸೋಮವಾರ ಸ್ಕೂಲಿಗೆ ನೀನೂ ಬಾ," ಎಂದಳು ಅಕ್ಕನಿಗೆ.

ಸೋಮವಾರ ಮೂವರೂ ಬಿಸಿಲಲ್ಲಿ ನಡೆದೇ ಹೋದರು. ಶಾಲೆಯ ಗೇಟಿನ ಒಳಗೆ ಟೀಚರ್ ನಿಂತಿದ್ದರು. ಕೆಟ್ಟ ಹೆಂಗಸೇನಲ್ಲ, ನಲವತ್ತು ಮಕ್ಕಳನ್ನು ಸಂಭಾಳಿಸಿ ಸಂಭಾಳಿಸಿ ಸುಸ್ತಾದವರು.

"ಮತ್ತೆ ಏನಮ್ಮ? ನರ್ಸ್ ನೋಡಿ ಆಯ್ತಲ್ಲ, ಏನೂ ಇಲ್ಲ ಅಂದ್ರು."

"ಕ್ಲಾಸಲ್ಲಿ ಬೂಟು ಬಿಚ್ಚಿ ಕೂತಾಗ ನೋಡಿದ್ದಾರೆ," ಎಂದಳು ತಂಗಿ. "ಓಡಿಸಿ, ಆಮೇಲೆ ಮುಟ್ಟಿ ನೋಡಿ ಅಂತ ಹೇಳೋಣ ಅಂತ ಬಂದೆ. ಆದ್ರೆ ನನ್ನ ಮಗೂನ ನಿಮಗೆ ತೋರಿಸೋಕೋಸ್ಕರ ನಾನು ಓಡಿಸಲ್ಲ. ಮನೆಯಿಂದ ನಡೆದು ಬಂದಿದ್ದಾಳೆ. ಅಷ್ಟು ಸಾಕು."

ಅವಳು ಮಣ್ಣಿನಲ್ಲೇ ಮಂಡಿಯೂರಿದಳು. ವಾರದ ರೂಢಿಗೆ ಅವತ್ತೂ ತಾನೇ ಕಟ್ಟಿದ ಗಂಟು, ಉಗುರಿಗೆ ಸಿಗದಷ್ಟು ಬಿಗಿ. ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಬೂಟು ಕಳಚಿದಳು, ಕಾಲುಚೀಲ ಕಳಚಿದಳು. ಪುಟ್ಟ ಪಾದ ಕೆಂಪಗೆ ಊದಿಕೊಂಡಿತ್ತು.

"ಈಗ ಮುಟ್ಟಿ."

ಟೀಚರ್ ಬಗ್ಗಿ ಮುಟ್ಟಿದರು. ತಕ್ಷಣ ಕೈ ಹಿಂದಕ್ಕೆಳೆದುಕೊಂಡರು. ಮತ್ತೆ ಮುಟ್ಟಿದರು, ಈ ಸಲ ಕೈ ತೆಗೆಯಲಿಲ್ಲ. "ಅಯ್ಯೋ ಮಗು," ಎಂದರು.

ಪುಟ್ಟಿ ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು ಮಾಡಿಕೊಂಡು ನಿಂತಿದ್ದಳು. ಇನ್ನೊಂದು ಬೂಟಿನ ಕಡೆ ಕೈ ಹೋಯಿತು, ಅರ್ಧಕ್ಕೆ ನಿಂತಿತು. "ಅಮ್ಮಾ, ಇದೂ ಬಿಚ್ಲಾ? ಬೈಯಲ್ವಾ?"

"ಬಿಚ್ಚು," ಎಂದಳು ತಂಗಿ, ನೆಲದಿಂದ ಏಳುತ್ತ. "ಯಾರು ಬೈತಾರೋ ನಾನೂ ನೋಡ್ತೀನಿ."